ಕೇಳಿ ನೋಡಿ: ಮರಾಠಿ ಪೇಪರಿನ ‘ಲ’ ಯಾಕೆ ಬೇರೆ?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಬರೆಯುವಾಗ, ಸುಮ್ನೆ ಒಂದು ಸಾಲು ಸೇರಿಸಿದ್ದೆ. ಮರಾಠಿ ಪತ್ರಿಕೆಗಳು ಬೀಗ ಹಾಕಿದ ಖಾಸಗಿ ಫಾಂಟ್‌ಗಳಿಂದ ಮುಕ್ತ ಫಾಂಟ್‌ಗಳ ಕಡೆ ಬಂದ ದಾರಿಯನ್ನು ನಮ್ಮ ಡಿಟಿಪಿಯವರು, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವರು, ಒಮ್ಮೆ ನೋಡಬೇಕು ಅಂತ. ಫಾಂಟ್ ಅಂದರೆ ಕಂಪ್ಯೂಟರಿನ ಅಕ್ಷರರೂಪಗಳ ಗೊಂಚಲು, ಮುಕ್ತ ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು. ಅಷ್ಟೇ ಬರೆದದ್ದು. ಅದಕ್ಕೆ ಬಂದ ಕಾಗದ ನೋಡಿ ನನಗೇ ಆಶ್ಚರ್ಯ. ನಿಪ್ಪಾಣಿ, ಸೊಲ್ಲಾಪುರದಿಂದ ಬಂದದ್ದು ಸರಿ, ದಾವಣಗೆರೆಯಿಂದಲೂ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಬೆಳಗಾವಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಾ ಶುರು ಮಾಡಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತವನು. ಬೆಳಿಗ್ಗೆ ಕನ್ನಡ ಕೆಲಸ, ಮಧ್ಯಾಹ್ನದ ಮೇಲೆ ಮರಾಠಿ ಕೆಲಸ. ಎರಡರ ಬೈಗುಳವೂ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮ ತಂದೆ ದಿನಾ ಮರಾಠಿ ಪೇಪರ್ ತರಿಸುತ್ತಾರೆ. ನಾನು ಅದೇ ಪೇಪರನ್ನು ಮೊಬೈಲಿನಲ್ಲಿ ಓದುತ್ತೇನೆ. ಕಾಗದದ ಮೇಲಿನ ‘ಲ’ ಒಂದು ಥರ, ಮೊಬೈಲಿನ ‘ಲ’ ಇನ್ನೊಂದು ಥರ. ತಂದೆಗೆ ತೋರಿಸಿದರೆ “ಅದು ಹಿಂದಿ ಲ” ಅಂತ ಮುಖ ತಿರುಗಿಸಿದರು. ದೋಷ ನನ್ನ ಕಣ್ಣಿನದೋ, ಮೊಬೈಲಿನದೋ? (ನಿಪ್ಪಾಣಿ)

ಉತ್ತರ: ಕಣ್ಣೂ ಸರಿ ಇದೆ, ತಂದೆಯವರು ಹೇಳಿದ್ದೂ ಸರಿ. ದೇವನಾಗರಿಯಲ್ಲಿ ಲ ಬರೆಯುವ ರೂಢಿ ಎರಡು. ಹಿಂದಿಯವರ ಲಕಾರಕ್ಕೆ ಬಲಗಡೆ ನೆಟ್ಟಗೆ ಒಂದು ಗೂಟ ಇರುತ್ತದೆ. ಮರಾಠಿಯವರದಕ್ಕೆ ಗೂಟ ಇಲ್ಲ. ತಲೆಗೆರೆಯಿಂದ ಜೋತುಬಿದ್ದ ಎರಡು ಎಸಳಿನ ಹಾಗೆ ಕಾಣುತ್ತದೆ. ಅವರು ಅದನ್ನು ಪಾಕಳಿಯ ಲ ಅಂತಲೇ ಕರೆಯುವುದು, ಪಾಕಳಿ ಅಂದರೆ ಹೂವಿನ ಎಸಳು. ಶಕಾರಕ್ಕೂ ಹೀಗೇ ಮರಾಠಿಯ ರೂಪ ಬೇರೆ. ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಶಾಲೆಯಲ್ಲಿ ಪಾಟಿಯ ಮೇಲೆ ಒಂದು ರೂಪ ತಿದ್ದಿ, ಬೆಳಿಗ್ಗೆ ಪೇಪರಿನಲ್ಲಿ ಇನ್ನೊಂದು ರೂಪ ಕಂಡರೆ ಯಾರಿಗಾದರೂ ಕಿರಿಕಿರಿ ಆಗುತ್ತೆ ಅಲ್ವಾ? ಮಹಾರಾಷ್ಟ್ರ ಸರ್ಕಾರ 2009ರಲ್ಲಿ ಮರಾಠಿ ವರ್ಣಮಾಲೆ ಹೇಗಿರಬೇಕು, ಅಕ್ಷರ ಹೇಗೆ ಬರೆಯಬೇಕು ಅಂತ ಒಂದು ಆದೇಶವನ್ನೇ ಹೊರಡಿಸಿತು. ಅದರಲ್ಲಿ ಈ ಲ, ಶ ಎರಡರ ಮಾತೂ ಇದೆ.

ಹಾಗಾದರೆ ಮೊಬೈಲಿಗೆ ಏನಾಯಿತು? ಇಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ಕನ್ನಡಕ್ಕೂ ತೆಲುಗಿಗೂ ಅಕ್ಷರಗಳು ಅಣ್ಣತಮ್ಮಂದಿರಂತೆ ಕಂಡರೂ, ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಬೇರೆ ಬೇರೆ ಮನೆ ಕೊಟ್ಟಿದ್ದಾರೆ. ಕನ್ನಡದ ಲ ಒಂದು ಸಂಖ್ಯೆ, ತೆಲುಗಿನ ಲ ಬೇರೆ ಸಂಖ್ಯೆ. ಆದರೆ ಹಿಂದಿ, ಮರಾಠಿ, ನೇಪಾಳಿ, ಸಂಸ್ಕೃತ ಎಲ್ಲರಿಗೂ ದೇವನಾಗರಿ ಅನ್ನುವ ಒಂದೇ ಮನೆ. ಲ ಗೆ ಒಂದೇ ಸಂಖ್ಯೆ. ಅದನ್ನು ಯಾವ ರೂಪದಲ್ಲಿ ತೋರಿಸಬೇಕು ಅನ್ನುವುದು ಫಾಂಟಿನ ಕೈಯಲ್ಲಿ. ಒಳ್ಳೆಯ ಫಾಂಟಿನಲ್ಲಿ ಎರಡೂ ರೂಪ ಇರುತ್ತವೆ. “ಇದು ಮರಾಠಿ ಪುಟ” ಅಂತ ವೆಬ್ ಪುಟದ ಒಳಗೆ ಒಂದು ಸಣ್ಣ ಗುರುತು ಬರೆದಿದ್ದರೆ ಫಾಂಟ್ ಎಸಳಿನ ಲ ತೆಗೆದು ಕೊಡುತ್ತದೆ. ಗುರುತು ಬರೆಯದಿದ್ದರೆ, ಅಥವಾ ಹಿಂದಿ ಅಂತ ಬರೆದಿದ್ದರೆ, ಗೂಟದ ಲ. ಪುಟ ಕಟ್ಟುವವರು ಆ ಗುರುತು ಬರೆಯಲು ಮರೆಯುವುದೇ ಜಾಸ್ತಿ. ಒಂದು ನಿಮಿಷದ ಕೆಲಸ, ವರ್ಷಗಟ್ಟಲೆ ಯಾರೂ ಮಾಡುವುದಿಲ್ಲ.

ಪ್ರಶ್ನೆ: ಕಂಪ್ಯೂಟರಿಗಿಂತ ಮುಂಚೆ ಮರಾಠಿ ಪತ್ರಿಕೆಗಳ ಅಕ್ಷರಗಳನ್ನು ಯಾರು ಮಾಡುತ್ತಿದ್ದರು? ನಮ್ಮ ಹಾಗೆ ಅವರೂ ಮೊಳೆ ಜೋಡಿಸುತ್ತಿದ್ದರೇ? (ಹುಬ್ಬಳ್ಳಿ, ಹಳೆಯ ಪ್ರೆಸ್ ಮಾಲೀಕರು)

ಉತ್ತರ: ಮೊಳೆಯೇ ಸಾರ್. ಮರಾಠಿಯಲ್ಲಿ ಅಚ್ಚುಮೊಳೆಗೆ ಖಿಳೇ ಅನ್ನುತ್ತಾರೆ, ಅದೂ ಗೋಡೆಗೆ ಹೊಡೆಯುವ ಮೊಳೆಯೇ. ಯಾರು ಯಾರಿಂದ ಕಲಿತರೋ, ಎರಡು ಭಾಷೆಗೂ ಒಂದೇ ಹೋಲಿಕೆ ಹೊಳೆದಿದೆ.

ಮೊದಲ ಮರಾಠಿ ಪತ್ರಿಕೆ ದರ್ಪಣ. 1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರ್ ಮುಂಬೈಯಲ್ಲಿ ಶುರು ಮಾಡಿದರು. ಪುಟದಲ್ಲಿ ಎರಡು ಕಾಲಂ, ಒಂದರಲ್ಲಿ ಇಂಗ್ಲಿಷ್, ಪಕ್ಕದಲ್ಲಿ ಮರಾಠಿ. ಮಹಾರಾಷ್ಟ್ರದಲ್ಲಿ ಇವತ್ತಿಗೂ ಆ ದಿನವನ್ನು ಪತ್ರಕರ್ತರ ದಿನ ಅಂತ ಆಚರಿಸುತ್ತಾರೆ. ಅದಕ್ಕೂ ಒಂದು ವರ್ಷ ಮುಂಚೆ, 1831ರಲ್ಲಿ, ಗಣಪತ ಕೃಷ್ಣಾಜಿ ಎಂಬುವವರು ಕಲ್ಲಚ್ಚಿನಲ್ಲಿ ಮರಾಠಿ ಪಂಚಾಂಗ ತೆಗೆದಿದ್ದರು. ಕಲ್ಲಚ್ಚಿನಲ್ಲಿ ಕೈಬರಹವೇ ಹಾಗೇ ಮೂಡುತ್ತದೆ, ಮೊಳೆಯ ತಲೆನೋವಿಲ್ಲ. ನಮ್ಮ ಮಂಗಳೂರ ಸಮಾಚಾರವೂ 1843ರಲ್ಲಿ ಕಲ್ಲಚ್ಚಿನಲ್ಲೇ ಬಂದದ್ದು, ನೆನಪಿರಲಿ.

ಮೊಳೆಗೆ ಬಂದರೆ ದೊಡ್ಡ ಹೆಸರು ಜಾವಜಿ ದಾದಾಜಿ. ಹುಡುಗನಾಗಿದ್ದಾಗ ಮುಂಬೈಯ ಅಮೆರಿಕನ್ ಮಿಷನ್ ಪ್ರೆಸ್ಸಿನಲ್ಲಿ ಥಾಮಸ್ ಗ್ರಹಾಂ ಕೈಕೆಳಗೆ ಕೆಲಸ ಕಲಿತವರು. 1864ರಲ್ಲಿ ಸ್ವಂತ ಮೊಳೆ ಎರಕದ ಕಾರ್ಖಾನೆ, 1869ರಲ್ಲಿ ನಿರ್ಣಯಸಾಗರ ಮುದ್ರಣಾಲಯ. ಈ ಹೆಸರು ಕೇಳಿದರೆ ನಮ್ಮ ಕಡೆಯ ಪಂಡಿತರ ಮನೆಯವರ ಕಿವಿ ನೆಟ್ಟಗಾಗುತ್ತದೆ. ಕರ್ನಾಟಕದ ಎಷ್ಟೋ ಮಠ, ಪಾಠಶಾಲೆಗಳ ಕಪಾಟಿನಲ್ಲಿ ನಿರ್ಣಯಸಾಗರದ ಸಂಸ್ಕೃತ ಪುಸ್ತಕ ಈಗಲೂ ಇದೆ. ತೆಗೆದು ನೋಡಿ. ಕಾಗದ ಪುಡಿಯಾಗುತ್ತಿದ್ದರೂ ಅಕ್ಷರ ಮಾತ್ರ ನಿನ್ನೆ ಕೆತ್ತಿದ ಹಾಗಿರುತ್ತದೆ.

ಇನ್ನು ಜೋಡಿಸುವ ಕಷ್ಟ. ದೇವನಾಗರಿಯಲ್ಲಿ ಅಕ್ಷರದ ನೆತ್ತಿಯ ಮೇಲೂ ಗುರುತು, ಪಾದದ ಕೆಳಗೂ ಗುರುತು. ಗುರುತು ಸೇರಿಸಿಯೇ ಒಂದೊಂದು ಮೊಳೆ ಎರೆದರೆ ಅದು ಅಖಂಡ ಪದ್ಧತಿ. ಮೇಲಿನದು, ನಡುವಿನದು, ಕೆಳಗಿನದು ಬೇರೆ ಬೇರೆ ಮೊಳೆ ಮಾಡಿಕೊಂಡು ಜೋಡಿಸಿದರೆ ಅದು ಡಿಗ್ರಿ ಪದ್ಧತಿ. ಡಿಗ್ರಿಯಲ್ಲಿ ಓದುವವರಿಗೆ ಒಂದು ಸಾಲು, ಜೋಡಿಸುವವನಿಗೆ ಮೂರು ಸಾಲು. ನೋಡೋಕೆ ಚೆಂದ, ಬೆರಳಿಗೆ ಶಿಕ್ಷೆ. ನನ್ನ ಗುರುಗಳು ಡಿಗ್ರಿ ಮೊಳೆಯ ಕೇಸ್, ಅಂದರೆ ಮೊಳೆ ಇಡುವ ಖಾನೆಗಳ ಪೆಟ್ಟಿಗೆ, ತೋರಿಸಿ “ಇದನ್ನ ಮುಗಿಸಿದವನಿಗೆ ಕಾಲೇಜಿನ ಡಿಗ್ರಿ ಬೇಡ” ಅನ್ನುತ್ತಿದ್ದರು.

ಪತ್ರಿಕೆಗೆ ಇಷ್ಟು ಪುರುಸೊತ್ತು ಎಲ್ಲಿ ಬರಬೇಕು? 1881ರಲ್ಲಿ ಪುಣೆಯಲ್ಲಿ ಕೇಸರಿ ಶುರುವಾಯಿತು. ತಿಲಕರು ಅಂದರೆ ನಮಗೆ ರಾಜಕೀಯ, ಗಣೇಶೋತ್ಸವ. ಆದರೆ ಅವರು ಮೊಳೆಗಳ ಸಂಖ್ಯೆ ಹೇಗೆ ಕಡಿಮೆ ಮಾಡುವುದು ಅಂತ ಗಂಭೀರವಾಗಿ ತಲೆ ಕೆಡಿಸಿಕೊಂಡ ಸಂಪಾದಕರೂ ಹೌದು. ಆಮೇಲೆ ಸಾವರ್ಕರ್ ಇನ್ನೊಂದು ದಾರಿ ಹೇಳಿದರು. ಇ, ಈ, ಉ, ಊ ಅಂತ ಬೇರೆ ಬೇರೆ ಅಕ್ಷರ ಯಾಕೆ, ‘ಅ’ ಒಂದನ್ನೇ ಇಟ್ಟುಕೊಂಡು ಅದಕ್ಕೇ ಗುಡಿಸು, ಕೊಂಬು ಹಚ್ಚಿ ಸಾಕು ಅಂತ. ಕೆಲವರು ಹಾಗೆ ಅಚ್ಚು ಹಾಕಿದ್ದೂ ಉಂಟು, ಓದುಗರು ಒಪ್ಪಲಿಲ್ಲ, ನಿಂತುಹೋಯಿತು. ಇವೆಲ್ಲ ಲಿಪಿ ಸುಧಾರಣೆ ಅಂತ ಪುಸ್ತಕಗಳಲ್ಲಿ ಬರುತ್ತದೆ. ನನಗೆ ಕಾಣುವುದು ಮೊಳೆ ಕೇಸಿನ ಮುಂದೆ ನಿಂತವನ ಸೊಂಟನೋವು.

ಪ್ರಶ್ನೆ: ಯೂನಿಕೋಡ್ 1991ರಲ್ಲೇ ಬಂದಿದೆಯಂತೆ. ಹಾಗಿದ್ದರೂ ಮರಾಠಿ ಪತ್ರಿಕೆಗಳಾಗಲಿ ನಮ್ಮವಾಗಲಿ ಅಷ್ಟು ವರ್ಷ ಹಳೆಯ ಫಾಂಟ್‌ನಲ್ಲೇ ಯಾಕೆ ಕೂತಿದ್ದವು? ಸೋಮಾರಿತನವೇ? (ದಾವಣಗೆರೆ)

ಉತ್ತರ: ಸೋಮಾರಿತನ ಅಂದರೆ ಆಪರೇಟರ್‌ಗಳು ಬೇಜಾರು ಮಾಡಿಕೊಳ್ಳುತ್ತಾರೆ. ಕಾರಣ ಬೇರೆ ಇತ್ತು.

ಹಳೆಯ ಫಾಂಟ್ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ಕಂಪ್ಯೂಟರಿಗೆ ಆಗ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಒಂದಿಷ್ಟು ಚಿಹ್ನೆ, ಅಷ್ಟೇ. ಫಾಂಟ್ ಮಾಡುವವರು ಆ ಜಾಗಗಳಲ್ಲೇ ಮರಾಠಿ ಅಕ್ಷರದ ಚಿತ್ರಗಳನ್ನು ಕೂರಿಸಿದರು. ಅಂದರೆ ಕಡತದ ಒಳಗೆ ಇದ್ದದ್ದು ಮರಾಠಿಯೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟ್ ಅನ್ನುವ ಕನ್ನಡಕ ಹಾಕಿಕೊಂಡರೆ ಮರಾಠಿ, ತೆಗೆದರೆ ಕಸ. ಅದೂ ಒಂದೊಂದು ಕಂಪನಿಯ ಕನ್ನಡಕ ಒಂದೊಂದು ನಂಬರಿನದು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಐಎಸ್‌ಎಂ ಸಾಫ್ಟ್‌ವೇರ್ ಜೊತೆ ಬರುತ್ತಿದ್ದ ಯೋಗೇಶ, ಸುರೇಖ, ಬೆಂಗಳೂರಿನ ಸೈಬರ್‌ಸ್ಕೇಪ್‌ನವರ ಆಕೃತಿ, ಊರೂರಲ್ಲಿ ಸಿಗುತ್ತಿದ್ದ ಶಿವಾಜಿ ಫಾಂಟ್. ಶ್ರೀಲಿಪಿಯಲ್ಲಿ ಹೊಡೆದ ಸುದ್ದಿಯನ್ನು ಆಕೃತಿಯಲ್ಲಿ ತೆರೆದರೆ ದೇವರೇ ಗತಿ. ನಮ್ಮ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಕಾಲವನ್ನು ನೆನೆಸಿಕೊಳ್ಳಿ, ಅದೇ ಕಥೆ.

ಪತ್ರಿಕೆಗಳು ಇಂಟರ್ನೆಟ್ಟಿಗೆ ಬಂದಾಗ ಈ ಕನ್ನಡಕದ ಸಮಸ್ಯೆ ಎಲ್ಲರ ಮನೆಗೂ ಬಂತು. ವೆಬ್‌ಸೈಟ್ ತೆರೆದರೆ ಮೊದಲು “ನಮ್ಮ ಫಾಂಟ್ ಇಳಿಸಿಕೊಳ್ಳಿ” ಅನ್ನುವ ಗುಂಡಿ. ಅಮೆರಿಕದಲ್ಲಿ ಕೂತ ಮರಾಠಿ ಹುಡುಗ ಅಫೀಸಿನ ಕಂಪ್ಯೂಟರಿನಲ್ಲಿ ಹೇಗೆ ಇಳಿಸಿಕೊಳ್ಳಬೇಕು? ಇಳಿಸಿಕೊಂಡು ಓದಿದರೂ ಹುಡುಕೋಕೆ ಆಗುತ್ತಿರಲಿಲ್ಲ. ಕೊಲ್ಹಾಪುರ ಅಂತ ಮರಾಠಿಯಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ, ಯಾಕೆಂದರೆ ಕಡತದಲ್ಲಿ ಆ ಪದವೇ ಇಲ್ಲ, ಅದರ ಚಿತ್ರ ಬರಿಸುವ ಕಸ ಇದೆ. ಪತ್ರಿಕೆಗಳ ವೆಬ್‌ಸೈಟ್‌ಗಳು ಮೊದಲು ಯೂನಿಕೋಡಿಗೆ ಹೊರಳಿದ್ದು ಇದೇ ಕಾರಣಕ್ಕೆ, ಭಾಷಾಪ್ರೇಮ ಆಮೇಲಿನದು. ಗೂಗಲ್‌ನಲ್ಲಿ ಸಿಗದ ಪತ್ರಿಕೆಗೆ ಜಾಹೀರಾತು ಸಿಗೋದಿಲ್ಲ.

ಅಚ್ಚಿನ ಪುಟ ಮಾತ್ರ ಹಿಂದೆಯೇ ಉಳಿಯಿತು. ಪೇಜ್‌ಮೇಕರ್ ಅನ್ನುವ ಸಾಫ್ಟ್‌ವೇರ್ ಗೊತ್ತಲ್ಲ, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಆದರೂ ನಮ್ಮ ಕಡೆ ಆಮೇಲೆ ಹತ್ತು ಹದಿನೈದು ವರ್ಷ ಅದರಲ್ಲೇ ಪುಟ ಕಟ್ಟಿದರು. ಪುಟ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಇಂಡಿಸೈನ್ ಭಾರತೀಯ ಲಿಪಿಗಳನ್ನು ನೆಟ್ಟಗೆ ಕೂರಿಸೋಕೆ ಶುರು ಮಾಡಿದ್ದು 2012ರ ಸಿಎಸ್6 ಆವೃತ್ತಿಯ ಹೊತ್ತಿಗೆ. ಅಲ್ಲಿಯವರೆಗೆ ಸಂಪಾದಕರು ಯೂನಿಕೋಡ್ ಬೇಕು ಅಂದರೂ ಪುಟ ಕಟ್ಟುವ ಹುಡುಗ ಏನು ಮಾಡಬೇಕಿತ್ತು?

ಇನ್ನೊಂದು ಬೆರಳಿನ ಅಭ್ಯಾಸ. ದೇವನಾಗರಿಯಲ್ಲಿ ಹ್ರಸ್ವ ‘ಇ’ ಗುರುತು ಅಕ್ಷರದ ಎಡಕ್ಕೆ ಕೂರುತ್ತದೆ. ಹಳೆಯ ಪದ್ಧತಿಯಲ್ಲಿ ಕಂಡ ಹಾಗೆ ಹೊಡೆಯುವುದು, ಮೊದಲು ಗುರುತು, ಆಮೇಲೆ ಅಕ್ಷರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಮೊದಲು ಅಕ್ಷರ, ಆಮೇಲೆ ಗುರುತು. ಇಪ್ಪತ್ತು ವರ್ಷ ಒಂದು ರೀತಿ ಹೊಡೆದ ಬೆರಳಿಗೆ ನಾಳೆಯಿಂದ ತಿರುಗಿಸಿ ಹೊಡಿ ಅಂದರೆ? ಹಳೆಯ ಕಡತ ಬದಲಾಯಿಸುವ ಕನ್ವರ್ಟರ್‌ಗಳು ಎಡವುವುದೂ ಇಲ್ಲೇ, ಒತ್ತಕ್ಷರದ ಪಕ್ಕ ಈ ಗುರುತು ಬಂದರೆ ಎಲ್ಲಿ ಕೂರಿಸಬೇಕು ಅಂತ ತಿಳಿಯದೆ ಒದ್ದಾಡುತ್ತವೆ.

ಕೊನೆಗೆ ಬೀಗದ ಕಥೆ. ಆಗಿನ ಭಾಷಾ ಸಾಫ್ಟ್‌ವೇರ್ ಜೊತೆ ಒಂದು ಹಾರ್ಡ್‌ವೇರ್ ಲಾಕ್ ಬರುತ್ತಿತ್ತು, ಬೆಂಕಿಪೊಟ್ಟಣದಷ್ಟು ದೊಡ್ಡದು, ಪ್ರಿಂಟರ್ ತಂತಿ ಸಿಕ್ಕಿಸುವ ಜಾಗಕ್ಕೆ ಹಾಕಬೇಕು. ಅದು ಇದ್ದರೆ ಮಾತ್ರ ಅಕ್ಷರ ಮೂಡುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಒಮ್ಮೆ ಗಣೇಶ ಚೌತಿಗೆ ನಾಲ್ಕು ದಿನ ಇದ್ದಾಗ ಯಾರೋ ತಂತಿ ಎಳೆದರು, ಲಾಕ್ ಕೆಳಗೆ ಬಿದ್ದು ಒಡೆಯಿತು. ಗಣೇಶ ಮಂಡಳಿಯವರ ಮರಾಠಿ ವರದಿ ಅರವತ್ತು ಪುಟ, ಪೂರ್ತಿ ಹೊಡೆದು ಮುಗಿದಿತ್ತು. ನಮ್ಮದೇ ಕಡತ, ನಾವೇ ಹೊಡೆದದ್ದು, ನಮಗೇ ಓದೋಕೆ ಬರಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಹೊಸ ಲಾಕ್ ಅಂದರೆ ಹೊಸ ಸಾಫ್ಟ್‌ವೇರ್ ಕೊಂಡ ಹಾಗೆ ಅಂದರು. ಇನ್ನೊಂದು ಪ್ರೆಸ್ಸಿನ ಕಾಲು ಹಿಡಿದು, ಅವರ ಯಂತ್ರದಲ್ಲಿ ರಾತ್ರಿಯಿಡೀ ಕೂತು ಬಟರ್ ಪೇಪರ್, ಅಂದರೆ ಅಚ್ಚಿಗೆ ಬೇಕಾದ ತೆಳು ಕಾಗದದ ಪ್ರತಿ, ತೆಗೆದೆವು. ಸಣ್ಣ ಪ್ರೆಸ್ಸಿಗೆ ಒಂದು ವರದಿ. ದಿನಪತ್ರಿಕೆಗಾದರೆ ವರ್ಷಗಟ್ಟಲೆ ಹಳೆಯ ಸಂಚಿಕೆ ಇಂಥ ಬೀಗದ ಹಿಂದೆ. ಮುಕ್ತ ಫಾಂಟ್ ಅಂದಾಗ ಎಲ್ಲರೂ ದುಡ್ಡು ಉಳಿಯುತ್ತೆ ಅನ್ನುತ್ತಾರೆ, ನನಗೆ ನೆನಪಾಗುವುದು ಆ ಒಡೆದ ಬೆಂಕಿಪೊಟ್ಟಣ.

ಪ್ರಶ್ನೆ: ಮರಾಠಿಯಲ್ಲಿ ‘ರ’ ಗೆ ಎರಡು ರೀತಿ ಒತ್ತು ಇದೆ, ಫಾಂಟ್ ಬದಲಾದರೆ ಅರ್ಥವೇ ಬದಲಾಗುತ್ತದೆ ಅಂತ ಮರಾಠಿ ಗೆಳೆಯರೊಬ್ಬರು ಹೇಳಿದರು. ಉತ್ಪ್ರೇಕ್ಷೆಯಲ್ಲವೇ? (ಸೊಲ್ಲಾಪುರ)

ಉತ್ತರ: ಅಲ್ಲ, ನಿಜ. ಮರಾಠಿಯಲ್ಲಿ ಆಚಾರ್ಯ ಅಂದರೆ ಗುರು, ಆಚಾರಿ ಅಂದರೆ ಅಡುಗೆಯವನು. “ಆಚಾರ್ಯರಿಗೆ” ಅನ್ನುವುದನ್ನೂ “ಆಚಾರಿಗೆ” ಅನ್ನುವುದನ್ನೂ ಅವರು ಬರೆದರೆ ಎರಡರಲ್ಲೂ ರ ಜೊತೆ ಯ ಕೂಡುತ್ತದೆ. ಗುರುವಿಗೆ ಬರೆದಾಗ ರ ಮುಂದಿನ ಅಕ್ಷರದ ನೆತ್ತಿ ಹತ್ತುತ್ತದೆ. ಅಡುಗೆಯವನಿಗೆ ಬರೆದಾಗ ಅದು ಯ ಪಕ್ಕದಲ್ಲೇ ಕಣ್ಣಿನ ರೆಪ್ಪೆಯ ಹಾಗೆ ಬಾಗಿ ನಿಲ್ಲುತ್ತದೆ. ದರ್ಯಾ ಅನ್ನುವಲ್ಲಿ ರ ನೆತ್ತಿ ಹತ್ತಿದರೆ ಸಮುದ್ರ, ರೆಪ್ಪೆಯಾಗಿ ನಿಂತರೆ ಕಣಿವೆಗಳು. ಹಿಂದಿಗಾಗಿ ಮಾಡಿದ ಫಾಂಟಿನಲ್ಲಿ ಈ ರೆಪ್ಪೆಯ ರ ಇರದೇ ಹೋದರೆ ಗುರುಗಳನ್ನು ಅಡುಗೆಮನೆಗೆ ಕಳಿಸಿದ ಹಾಗೆ.

ಇದು ನಮಗೆ ಅಪರಿಚಿತ ಅಲ್ಲ. ಸೂರ್ಯ ಬರೆಯುವಾಗ ಅರ್ಕಾವೊತ್ತು ಬೇಕು, ರ‍್ಯಾಂಕ್ ಬರೆಯುವಾಗ ಬೇಡ. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತು ನಡುವೆ ಹಾಕಬೇಕು, ಇಲ್ಲದಿದ್ದರೆ ಅದು ರ್ಯಾಂಕ್ ಆಗಿ ಕೂರುತ್ತದೆ. ಹಾಗೇ ಇಂಗ್ಲಿಷಿನ ‘ಆ್ಯಪ್’ ಬರೆಯೋಕೆ ನಾವು ಮೂರು ನಾಲ್ಕು ರೀತಿ ಒದ್ದಾಡುತ್ತೇವಲ್ಲ, ಮರಾಠಿಯವರು ‘ಅ’ ಮೇಲೆ ಅರ್ಧಚಂದ್ರ ಹಾಕಿ ಮುಗಿಸುತ್ತಾರೆ. ಚೆಂದದ ಉಪಾಯ. ಆದರೆ ಯೂನಿಕೋಡಿನಲ್ಲಿ ಆ ಅಕ್ಷರಕ್ಕೆ ಸ್ವಂತ ಜಾಗ ಸಿಕ್ಕಿದ್ದು 2008ರಲ್ಲಿ. ಅದಕ್ಕೂ ಮುಂಚೆ ಅ, ಕಾಣದ ಗುರುತು, ಚಂದ್ರ ಅಂತ ಮೂರು ತುಂಡು ಸೇರಿಸಿ ಹೊಲಿಯುತ್ತಿದ್ದರು. ಎರಡೂ ಬಗೆ ಈಗಲೂ ಚಾಲ್ತಿಯಲ್ಲಿದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಹುಡುಕಿದಾಗ ಅರ್ಧ ಸುದ್ದಿ ಸಿಗದಿದ್ದರೆ ಇದೂ ಒಂದು ಕಾರಣ.

ಪ್ರಶ್ನೆ: ಸಕಲ ಭಾರತಿ ಅನ್ನುವ ಫಾಂಟ್ ನೋಡಿದೆ. ಅದು ಪುಣೆಯ ಸಕಾಳ ಪತ್ರಿಕೆಯವರದ್ದೇ? (ವಿಜಯಪುರ)

ಉತ್ತರ: ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಬಂದ ಗೊಂದಲ. ಪತ್ರಿಕೆಯ ಹೆಸರು ಸಕಾಳ, ಅಂದರೆ ಬೆಳಗು. 1932ರಲ್ಲಿ ನಾನಾಸಾಹೇಬ ಪರುಳೇಕರ್ ಶುರು ಮಾಡಿದ್ದು. ಫಾಂಟಿನ ಹೆಸರು ಸಕಲ, ನಮ್ಮ ಸಕಲವೇ. ಸಿ-ಡ್ಯಾಕ್‌ನವರು ಭಾರತದ ಹಲವು ಲಿಪಿಗಳನ್ನು ಒಂದೇ ಫಾಂಟಿನೊಳಗೆ ಒಂದೇ ಅಳತೆಗೆ ತಂದು ಮಾಡಿದ್ದು. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ ನೋಡಿ.

ಪ್ರಶ್ನೆ: ನಾನು ಡಿಸೈನ್ ಓದುತ್ತಿದ್ದೇನೆ. ಮರಾಠಿಗೆ ಸಿಗುವ ಒಳ್ಳೆಯ ಮುಕ್ತ ಫಾಂಟ್‌ಗಳು ಯಾವುವು, ಮಾಡಿದವರು ಯಾರು? ಪತ್ರಿಕೆ ಅಚ್ಚಿಗೆ ನಡೆಯುತ್ತವೆಯೇ? (ಬೆಂಗಳೂರು)

ಉತ್ತರ: ಮುಕ್ತ ಫಾಂಟಿಗೂ ಮುಂಚಿನ ಒಬ್ಬರಿಂದ ಶುರು ಮಾಡುತ್ತೇನೆ, ಅವರನ್ನು ಬಿಟ್ಟರೆ ಈ ಕಥೆ ನಿಲ್ಲುವುದಿಲ್ಲ. ಆರ್.ಕೆ. ಜೋಶಿ. ಮುಂಬೈಯ ಐಐಟಿಯಲ್ಲಿ ಕಲಿಸುತ್ತಿದ್ದ ಅಕ್ಷರ ಕಲಾವಿದರು, 2008ರಲ್ಲಿ ತೀರಿಕೊಂಡರು. ವಿಂಡೋಸ್ ಜೊತೆ ಬರುತ್ತಿದ್ದ ದೇವನಾಗರಿಯ ಮಂಗಲ್ ಫಾಂಟ್ ಅವರ ಮೇಲ್ವಿಚಾರಣೆಯಲ್ಲಿ ಆದದ್ದು, ಜೊತೆಗೆ ಕೆಲಸ ಮಾಡಿದವರು ವಿನಯ್ ಸಾಯ್ನೇಕರ್. ಈಗ ಕೇಳಿ: ಅದೇ ವಿಂಡೋಸ್‌ನಲ್ಲಿ ನಾವೆಲ್ಲ ಮೊದಲು ಯೂನಿಕೋಡ್ ಕನ್ನಡ ಓದಿದ್ದು ತುಂಗಾ ಫಾಂಟಿನಲ್ಲಿ ಅಲ್ವಾ? ಅದನ್ನು ಮಾಡಿದ್ದೂ ಇವರಿಬ್ಬರೇ. ಎರಡೂ ಮೈಕ್ರೋಸಾಫ್ಟ್‌ನ ಸ್ವತ್ತು, ಮುಕ್ತ ಅಲ್ಲ. ಆದರೆ ಯೂನಿಕೋಡಿನಲ್ಲಿ ನಮ್ಮ ಲಿಪಿ ಹೀಗೆ ಕೂರಬಹುದು ಅಂತ ಲಕ್ಷಾಂತರ ಜನಕ್ಕೆ ತೋರಿಸಿದ್ದು ಅವೇ.

ಮುಕ್ತ ಫಾಂಟ್‌ಗಳಲ್ಲಿ ಮಹಾರಾಷ್ಟ್ರದ ರಾಜ್ಯ ಮರಾಠಿ ವಿಕಾಸ ಸಂಸ್ಥೆ ಮಾಡಿಸಿದ ಯಶೋಮುದ್ರಾ, ಯಶೋವೇಣು ಇವೆ. ಒಂದು ಸರ್ಕಾರಿ ಸಂಸ್ಥೆ ದುಡ್ಡು ಕೊಟ್ಟು ಫಾಂಟ್ ಮಾಡಿಸಿ, ಬೀಗ ಹಾಕದೆ ಬಿಟ್ಟಿತು. ಪರಿಣಾಮ ನೋಡಿ, ಐಐಟಿ ಮುಂಬೈಯವರು ಸಂಸ್ಕೃತ ವಿದ್ವಾಂಸರಿಗಾಗಿ ಶೋಭಿಕಾ ಅಂತ ಒಂದು ಫಾಂಟ್ ಮಾಡಿದಾಗ ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ, ಯಶೋಮುದ್ರಾದ ಮೇಲೇ ಕಟ್ಟಿದರು. ಮೊಳೆಯ ಕಾಲದಲ್ಲಿ ಇನ್ನೊಬ್ಬರ ಅಚ್ಚನ್ನು ಹೀಗೆ ತೆಗೆದುಕೊಂಡಿದ್ದರೆ ಕಳ್ಳತನ ಅನ್ನುತ್ತಿದ್ದರು.

ಮುಂಬೈಯ ಏಕ್ ಟೈಪ್ ತಂಡದ ಮುಕ್ತಾ, ಬಾಲೂ, ಅನೇಕ್, ಮೋದಕ ಇವನ್ನು ನೋಡಿಯೇ ಇರುತ್ತೀರಿ. ಮೋದಕ ಹೆಸರಿಗೆ ತಕ್ಕ ಹಾಗೆ ಹೊಟ್ಟೆ ಉಬ್ಬಿದ ಅಕ್ಷರ, ಸುದ್ದಿಗೆ ಬೇಡ, ಪುರವಣಿಯ ತಲೆಬರಹಕ್ಕೆ ಚೆಂದ. ಮುಂಬೈ ಲೋಕಲ್ ರೈಲಿನ ಕೈಬರಹದ ಫಲಕಗಳನ್ನು ನೋಡಿ ಮಾಡಿದ ಯಾತ್ರಾ ಇದೆ. ಟೈರೋ ಅನ್ನುವ ಸಂಸ್ಥೆಯವರದ್ದು ನನಗೆ ತುಂಬಾ ಇಷ್ಟ. ಅವರು ಹಿಂದಿಗೆ ಒಂದು, ಮರಾಠಿಗೆ ಒಂದು, ಸಂಸ್ಕೃತಕ್ಕೆ ಒಂದು ಅಂತ ದೇವನಾಗರಿಯನ್ನು ಮೂರು ಬೇರೆ ಫಾಂಟ್ ಆಗಿಯೇ ಬಿಟ್ಟಿದ್ದಾರೆ. ಮರಾಠಿಯದನ್ನು ಹಾಕಿಕೊಂಡರೆ ಯಾವ ಗುರುತೂ ಬರೆಯಬೇಕಿಲ್ಲ, ಎಸಳಿನ ಲ ತಾನಾಗಿಯೇ ಬರುತ್ತದೆ. ಮೊದಲ ಪ್ರಶ್ನೆ ಕೇಳಿದ ನಿಪ್ಪಾಣಿಯವರ ತಂದೆಗೆ ಇದನ್ನು ತೋರಿಸಬೇಕು. ಇದರ ಕನ್ನಡ ಜೋಡಿಯೂ ಇದೆ, ಟೈರೋ ಕನ್ನಡ.

ಪತ್ರಿಕೆ ಅಚ್ಚಿಗೆ ಅಂದರೆ, ನಿಧಾನ. ಪರದೆಗೆ ಅಂತ ಮಾಡಿದ ಫಾಂಟಿನ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಮಸಿ ಹರಡುತ್ತೆ, ಸಣ್ಣ ಸುಳಿಗಳೆಲ್ಲ ಮುಚ್ಚಿಕೊಳ್ಳುತ್ತವೆ, ಒಂದು ಇಡೀ ಕಾಲಂ ಕಪ್ಪು ಬಟ್ಟೆ ಒಣಗಿಸಿದ ಹಾಗೆ ಕಾಣುತ್ತದೆ. ಮೇಲೆ ಕೆಳಗೆ ಗುರುತು ಬೇರೆ, ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಕೊಂಬು ಕೆಳಗಿನ ಸಾಲಿನ ಏತ್ವಕ್ಕೆ ತಾಗುತ್ತೆ. ಜಾಗ ಬಿಟ್ಟರೆ ಜಾಹೀರಾತಿನವರು ಬಿಡಲ್ಲ. ನನ್ನ ಮಾತು ಕೇಳುವುದಾದರೆ, ಕಂಪ್ಯೂಟರಿನಲ್ಲಿ ನೋಡಿ ತೀರ್ಮಾನಿಸಬೇಡಿ, ಒಂದು ಕಾಲಂ ಅಗಲಕ್ಕೆ ಸುದ್ದಿ ಕಂಪೋಸ್ ಮಾಡಿ ನ್ಯೂಸ್‌ಪ್ರಿಂಟ್ ಮೇಲೇ ಪ್ರೂಫ್ ತೆಗೆಯಿರಿ, ಐವತ್ತು ದಾಟಿದವರಿಗೆ ಓದಲು ಕೊಡಿ.

ಒಂದು ಕೊರತೆ ನನಗೆ ಕಾಣುತ್ತದೆ. ಕಮಲ್ ಶೇಡಗೆ ಅಂತ ಇದ್ದರು, 2020ರಲ್ಲಿ ತೀರಿಕೊಂಡರು. ಮರಾಠಿ ನಾಟಕಗಳ ಹೆಸರನ್ನು ಪತ್ರಿಕೆಯ ಜಾಹೀರಾತಿಗೆ ಕೈಯಲ್ಲೇ ಬರೆಯುತ್ತಿದ್ದರು. ಅಕ್ಷರ ನೋಡಿದರೆ ನಾಟಕ ನಗೆಯದೋ ಅಳುವಿನದೋ ಗೊತ್ತಾಗುತ್ತಿತ್ತು. ಈಗ ಎಲ್ಲ ಹೆಸರೂ ಅದೇ ನಾಲ್ಕು ಫಾಂಟಿನಲ್ಲಿ. ಪುಕ್ಕಟೆ ಸಿಕ್ಕಿದ್ದನ್ನು ಎಲ್ಲರೂ ಒಟ್ಟಿಗೆ ತೊಟ್ಟರೆ ಊರೆಲ್ಲ ಯೂನಿಫಾರಂ ಹಾಕಿದ ಹಾಗಾಗುತ್ತೆ.

ಪ್ರಶ್ನೆ: ಗಡಿಯ ಊರಿನಲ್ಲಿ ಎರಡು ಭಾಷೆಯ ಸಣ್ಣ ವಾರಪತ್ರಿಕೆ ನಡೆಸುತ್ತೇನೆ. ಪುಕ್ಕಟೆ ಫಾಂಟ್ ಬಳಸಿದರೆ ನಾಳೆ ಯಾರಾದರೂ ನೋಟಿಸ್ ಕಳಿಸಿದರೆ? (ಬೀದರ್)

ಉತ್ತರ: ಪುಕ್ಕಟೆ ಬೇರೆ, ಮುಕ್ತ ಬೇರೆ. ಇಂಟರ್ನೆಟ್ಟಿನಲ್ಲಿ ಬಿದ್ದಿರುವ ಫಾಂಟ್ ಎಲ್ಲ ಬಳಸಲು ಬಿಟ್ಟದ್ದು ಅಂತಲ್ಲ. ಕೆಲವು ಬರೀ ಕದ್ದ ಮಾಲು. ಇನ್ನು ಕೆಲವು ಪುಕ್ಕಟೆಯೇ, ಆದರೆ ಹಳೆಯ ಕನ್ನಡಕದ ಜಾತಿ, ಯೂನಿಕೋಡ್ ಅಲ್ಲ. ನೀವು ನೋಡಬೇಕಾದದ್ದು ಫಾಂಟಿನ ಜೊತೆ ಬರುವ ಪರವಾನಗಿ. ಓಪನ್ ಫಾಂಟ್ ಲೈಸೆನ್ಸ್ ಅಂತ ಇದ್ದರೆ ಧೈರ್ಯವಾಗಿ ಬಳಸಿ. ಪತ್ರಿಕೆ ಅಚ್ಚು ಹಾಕಿ ಮಾರಬಹುದು, ಪಿಡಿಎಫ್‌ನಲ್ಲಿ ಸೇರಿಸಬಹುದು, ಹತ್ತು ಕಂಪ್ಯೂಟರಿಗೆ ಹಾಕಬಹುದು, ಗೆಳೆಯರಿಗೆ ಕೊಡಬಹುದು, ಅಕ್ಷರ ತಿದ್ದಲೂಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ತಿದ್ದಿದ್ದನ್ನು ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು, ಮೂಲದ ಹೆಸರನ್ನು ಕಾಯ್ದಿರಿಸಿದ್ದರೆ ಹೆಸರು ಬದಲಾಯಿಸಬೇಕು. ಆ ಪರವಾನಗಿಯ ಕಡತವನ್ನು ಅಳಿಸಬೇಡಿ, ಫಾಂಟಿನ ಜೊತೆಗೇ ಇಟ್ಟಿರಿ. ನೋಟಿಸ್ ಬಂದರೆ ತೋರಿಸೋದಕ್ಕೆ ಅದೇ ನಿಮ್ಮ ರಸೀದಿ.

ಆಕೃತಿಯವರು 2000ದ ದಶಕದ ಮೊದಲ ವರ್ಷಗಳಲ್ಲೇ ಕನ್ನಡ, ದೇವನಾಗರಿ ಸೇರಿ ಒಂಬತ್ತು ಲಿಪಿಗಳ ಒಂದಿಷ್ಟು ಫಾಂಟ್‌ಗಳನ್ನು ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದರು. ಬೀಗ ಮಾರುತ್ತಿದ್ದ ಕಾಲದಲ್ಲೇ ಬೀಗ ತೆಗೆದವರೂ ಇದ್ದರು ಅಂತ ಹೇಳಿದೆ, ಅಷ್ಟೇ.

ಪ್ರಶ್ನೆ: ಕನ್ನಡದ ಫಾಂಟ್‌ಗಳ ಸಮಸ್ಯೆಯೇ ಬೆಟ್ಟದಷ್ಟಿದೆ. ಕನ್ನಡ ಪತ್ರಿಕೆಯಲ್ಲಿ ಮರಾಠಿ ಅಕ್ಷರದ ಪುರಾಣ ಯಾಕೆ? (ಧಾರವಾಡ)

ಉತ್ತರ: ಬೈದು ಬರೆದರೂ ಅಕ್ಷರ ಮುದ್ದಾಗಿದೆ ನಿಮ್ಮದು, ಶಾಯಿ ಪೆನ್ನು ಅಂತ ಕಾಣುತ್ತೆ. ನಿಮ್ಮ ಊರಿನ ಹಳೆಯ ಮನೆಗಳ ಟ್ರಂಕಿನಲ್ಲಿ ಮೋಡಿ ಅಕ್ಷರದ ಕಾಗದ ಇವೆಯಲ್ಲ, ಅಜ್ಜನ ಹೊಲದ ಲೆಕ್ಕ, ಸಾಲದ ಪತ್ರ. ಮರಾಠಿಯನ್ನು ಸರಸರ ಬರೆಯಲು ಬಳಸುತ್ತಿದ್ದ ಲಿಪಿ ಅದು, ಅಚ್ಚಿನಲ್ಲಿ ದೇವನಾಗರಿ ಗೆದ್ದ ಮೇಲೆ ಓದುವವರೇ ಇಲ್ಲವಾದರು. 2014ರಲ್ಲಿ ಯೂನಿಕೋಡಿಗೆ ಸೇರಿತು, ಮುಕ್ತ ಫಾಂಟೂ ಇದೆ. ಯಾವತ್ತಾದರೂ ಆ ಟ್ರಂಕು ತೆರೆದರೆ ನಿಮಗೂ ಬೇಕಾಗುತ್ತೆ. ಕನ್ನಡ ಫಾಂಟಿನ ಬೆಟ್ಟವನ್ನು ಮುಂದಿನ ತಿಂಗಳು ಹತ್ತೋಣ.

ಪ್ರಶ್ನೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಆಮಂತ್ರಣ ಪತ್ರಿಕೆ ಕನ್ನಡ, ಮರಾಠಿ ಎರಡರಲ್ಲೂ ಅಚ್ಚು ಹಾಕಿಸಬೇಕು. ಹೋದ ವರ್ಷ ಕನ್ನಡ ದೊಡ್ಡದಾಗಿ, ಮರಾಠಿ ಸಣ್ಣದಾಗಿ ಕಂಡು ನೆರೆಯವರು ತಮಾಷೆ ಮಾಡಿದರು. (ಡೊಂಬಿವಲಿ)

ಉತ್ತರ: ಎರಡು ಲಿಪಿಗೆ ಎರಡು ಕಡೆಯ ಫಾಂಟ್ ಹಾಕಿದರೆ ಹೀಗೇ ಆಗುವುದು. ಒಂದೇ ಅಳತೆ ಕೊಟ್ಟರೂ ಕಣ್ಣಿಗೆ ಒಂದೇ ಕಾಣಲ್ಲ. ಒಂದೇ ಕುಟುಂಬದ ಫಾಂಟ್ ತೆಗೆದುಕೊಳ್ಳಿ. ಅನೇಕ್ ದೇವನಾಗರಿ ಮತ್ತು ಅನೇಕ್ ಕನ್ನಡ ಒಂದು ಜೋಡಿ, ನೋಟೋ ಇನ್ನೊಂದು. ಸ್ವಲ್ಪ ಗುಂಡುಗುಂಡಾಗಿ ಹಬ್ಬದ ಹಾಗೆ ಬೇಕಾದರೆ ಬಾಲೂ. ಅದರಲ್ಲಿ ಒಂದೊಂದು ಲಿಪಿಗೂ ಆ ಊರಿನವರು ಕರೆಯುವ ಹೆಸರು ಇಟ್ಟಿದ್ದಾರೆ, ಗುಜರಾತಿಗೆ ಬಾಲೂ ಭಾಯ್, ಮಲಯಾಳಂಗೆ ಬಾಲೂ ಚೇಟ್ಟನ್, ನಮ್ಮದು ಬಾಲೂ ತಮ್ಮ. ಕಡತದಲ್ಲಿ ಮರಾಠಿ ಭಾಗಕ್ಕೆ ಭಾಷೆ ಮರಾಠಿ ಅಂತಲೇ ಆರಿಸಿ, ಹಿಂದಿ ಅಂತ ಬಿಡಬೇಡಿ. ಅಚ್ಚಿಗೆ ಕೊಡುವ ಮುಂಚೆ ಪಕ್ಕದ ಮನೆಯ ಮರಾಠಿಯವರಿಗೆ ಒಮ್ಮೆ ಪ್ರೂಫ್ ತೋರಿಸಿ. ನನ್ನ ಅನುಭವದಲ್ಲಿ ಅವರು ಮೊದಲು ಬೆರಳಿಡುವುದು ಲ ಮೇಲೆ, ಆಮೇಲೆ ಊಟದ ಸಮಯದ ಮೇಲೆ.